ದಾದಿ ಹುರಿದ ಗಸಗಸೆ

ಗಸಗಸೆ ಹುರಿಯುವಾಗ ಮೊದಮೊದಲು ಯಾವ ವಾಸನೆಯೂ ಬರುವುದಿಲ್ಲ. ಸಣ್ಣ ಉರಿಯಲ್ಲಿ ಬಾಣಲೆಯಿಟ್ಟು ಕೈಯಾಡಿಸುತ್ತಲೇ ಇರಬೇಕು. ಇದೇನು ಹುರಿಯುವುದೇ ಇಲ್ಲವೇನೋ ಎಂದು ಬೇಸರ ಬರುವ ಹೊತ್ತಿಗೆ ಘಮ್ಮೆಂದು ಏಳುತ್ತದೆ. ಹಾಲಿನ ಪಾತ್ರೆಯ ತಳಕ್ಕೆ ಅಂಟಿದ ಕೆನೆಯನ್ನು ಕೆರೆಯುವಾಗ ಬರುತ್ತದಲ್ಲ, ಹೆಚ್ಚೂಕಡಿಮೆ ಆ ವಾಸನೆ. ಅದರ ಹಿಂದೆಯೇ ಹುರಿದ ಕಡಲೆಕಾಯಿಯ ಸುಳಿವು. ಆಮೇಲೆ ಒಂದು ಗಳಿಗೆ ತಡವಾದರೂ ಕಹಿ. ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ ವಿದ್ಯಾರಣ್ಯಪುರದ ನಮ್ಮ ಅಡುಗೆಮನೆಯಿಂದ ಈ ವಾಸನೆ ಬಂತು. ಹುರಿಯುತ್ತಿದ್ದವಳು ನಾನಲ್ಲ, ಮನೆಗೆ ಬಂದಿದ್ದ ಗೆಳತಿ. ನಾನು ಹಾಲ್‌ನಲ್ಲಿ ಕೂತು ಒಣಗಿದ ಬಟ್ಟೆ ಮಡಚುತ್ತಿದ್ದೆ. ಅವಳು ಮಾಡಲು ಹೊರಟಿದ್ದ ಅಡುಗೆಗೆ ಗಸಗಸೆಯನ್ನು ಹುರಿಯಲೇಬಾರದು ಎಂದು ನನಗೆ ಗೊತ್ತಿತ್ತು. ಬಂಗಾಳದವಳಾದ ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕಿತ್ತು. ಅರ್ಧ ಮಡಚಿದ ದುಪಟ್ಟಾ ಹಿಡಿದುಕೊಂಡೇ ಎದ್ದು ನಿಂತೆ. ಎದೆ ಡವಡವ ಹೊಡೆದುಕೊಳ್ಳತೊಡಗಿತು. ಒಂದು ಹಿಡಿ ಗಸಗಸೆಗೆ ಎದೆ ಯಾಕಮ್ಮಾ ಹೊಡೆದುಕೊಳ್ಳಬೇಕು ಎಂದು ನೀವು ಕೇಳುತ್ತೀರಿ, ಕೇಳಲೇಬೇಕು. ಹೇಳುತ್ತೇನೆ. ಅದಕ್ಕೆ ನೀವು ನನ್ನ ಜೊತೆ ಯಲಹಂಕದ ಹಳೇ ಊರಿನ ಒಂದು ಮನೆಗೆ ಬರಬೇಕು.

ಆ ಮನೆ ಈಗಿಲ್ಲ. ಅಲ್ಲೀಗ ಒಂದು ದೊಡ್ಡ ಪೀಜಿ ಎದ್ದಿದೆ, ಕಿಟಕಿ ಕಿಟಕಿಗೂ ಟವೆಲ್ ನೇತಾಡುತ್ತಿರುತ್ತದೆ. ನಾನು ಆ ಕಡೆಯ ಬಸ್ಸಿನಲ್ಲಿ ಹೋಗುವಾಗಲೆಲ್ಲ ಕತ್ತು ಚಾಚಿ ಹುಡುಕುವುದು ದಾಳಿಂಬೆ ಗಿಡವನ್ನು. ಅದು ಇಲ್ಲವೆಂದು ಗೊತ್ತಿದ್ದರೂ ಹುಡುಕುತ್ತೇನೆ. ನಿಮಗೂ ಅಂಥದ್ದೊಂದು ಗಿಡವೋ ಗೇಟೋ ಇದ್ದೇ ಇರುತ್ತದೆ, ಅದಕ್ಕೇ ಧೈರ್ಯವಾಗಿ ಹೇಳುತ್ತಿದ್ದೇನೆ. ಕೆಂಪು ಗಾರೆಯ ನೆಲ, ಹೊರಗೋಡೆಗೆ ಆತುಕೊಂಡು ಮೇಲೇರುವ ಮೆಟ್ಟಿಲು, ಮೆಟ್ಟಿಲ ಕೆಳಗೆ ನೀರಿನ ತೊಟ್ಟಿ, ಅದರ ಪಕ್ಕ ದಾಳಿಂಬೆ. ಕೆಳಗೆ ನಾವು: ಮೋಟಾರ್ ವೈಂಡಿಂಗ್ ಅಂಗಡಿ ಇಟ್ಟಿದ್ದ ಅಬ್ಬಾ, ಅಮ್ಮಿ, ನಾನು, ಮತ್ತು ಅಬ್ಬಾನ ತಾಯಿ, ನಮ್ಮ ದಾದಿ. ಮೇಲಿನ ಮನೆ ಬಾಡಿಗೆಗೆ. ದಾದಿ ಎತ್ತರದ ಹೆಂಗಸು. ಮೊಣಕಾಲು ನೋವಿದ್ದರೂ ನಡೆಯುವಾಗ ನೆಲ ದಬದಬ ಅನ್ನುತ್ತಿತ್ತು. ಮನೆಯೊಳಗೆ ದಖ್ಖನಿ ಉರ್ದು, ಗೇಟಿನಾಚೆ ಕನ್ನಡ, ಎರಡರಲ್ಲೂ ಬೈಗುಳ ಸಲೀಸು. ನನಗೆ ಚಿಕ್ಕಂದಿನಿಂದ ಪ್ರಶ್ನೆ ಕೇಳುವ ಚಟ. ದಖ್ಖನಿಯಲ್ಲಿ ‘ಯಾಕೆ’ ಎನ್ನುವುದಕ್ಕೆ ‘ಕೈಕು’ ಎನ್ನುತ್ತೇವೆ. ನಾನು ದಿನವಿಡೀ ಕೈಕು ಕೈಕು ಎಂದು ಪ್ರಾಣ ತಿನ್ನುತ್ತಿದ್ದುದರಿಂದ ದಾದಿ ನನಗೆ ‘ಕೈಕು ಬೀ’ ಎಂದು ಹೆಸರಿಟ್ಟಿದ್ದಳು. ಶಾಲೆಯ ಹಾಜರಿಯಲ್ಲಿ ಬೇರೆ ಹೆಸರಿದ್ದರೂ ಬೀದಿಗೆಲ್ಲ ನಾನು ಕೈಕು ಬೀ. ಈಗ ನಾನೇ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳುತ್ತೇನೆ, ಮಕ್ಕಳು ‘ಯಾಕೆ ಮಿಸ್’ ಎಂದರೆ ಬೈಯಲು ಬಾಯಿ ಬರುವುದಿಲ್ಲ.

ನಾನು ಮೂರನೆಯ ಕ್ಲಾಸಿನಲ್ಲಿದ್ದಾಗ ಮೇಲಿನ ಮನೆಗೆ ಬಂಗಾಳಿಗಳು ಬಂದರು. ಬಾಂಕುರಾ ಕಡೆಯವರು. ಯಜಮಾನರಿಗೆ ಯಶವಂತಪುರದ ಹತ್ತಿರ ಒಂದು ಕಾರ್ಖಾನೆಯಲ್ಲಿ ಕೆಲಸ. ಹೆಂಡತಿಯನ್ನು ನಾನು ಕಾಕಿಮಾ ಎನ್ನುತ್ತಿದ್ದೆ, ಅಂದರೆ ಚಿಕ್ಕಮ್ಮ. ಮಗಳು ಮಿಠು ನನ್ನದೇ ವಯಸ್ಸು, ವಾರ ಕಳೆಯುವುದರೊಳಗೆ ಕನ್ನಡದಲ್ಲಿ ಜಗಳವಾಡಲು ಕಲಿತಳು. ಇವರೆಲ್ಲರಿಗಿಂತ ನನ್ನ ಕಣ್ಣು ಬಿದ್ದದ್ದು ಮಿಠುವಿನ ಅಜ್ಜಿಯ ಮೇಲೆ. ಅವಳು ಠಾಕುಮಾ ಎನ್ನುತ್ತಿದ್ದಳು, ನಾನೂ ಹಾಗೇ ಕರೆದೆ. ಸಣ್ಣ ಅಂಚಿನ ಬಿಳಿ ಸೀರೆ, ಗುಬ್ಬಚ್ಚಿಯಷ್ಟು ದೇಹ, ದೊಡ್ಡ ಕನ್ನಡಕ. ಆ ಮನೆಯಲ್ಲಿ ಎರಡು ಒಲೆ ಇದ್ದವು. ಒಳಗೆ ಕಾಕಿಮಾ ಗ್ಯಾಸಿನ ಮೇಲೆ ಮೀನು ಹುರಿಯುತ್ತಿದ್ದರು. ಹೊರಗೆ, ಮೆಟ್ಟಿಲು ಮುಗಿಯುವಲ್ಲಿ ಶೀಟು ಹೊದಿಸಿದ ಮೂಲೆಯಲ್ಲಿ, ಠಾಕುಮಾ ತಮ್ಮದೇ ಸೀಮೆಎಣ್ಣೆ ಸ್ಟವ್ ಇಟ್ಟುಕೊಂಡಿದ್ದರು. ತಮ್ಮ ಊಟವನ್ನು ತಾವೇ ಬೇಯಿಸಿಕೊಳ್ಳುವರು. ಪಾತ್ರೆ ಬೇರೆ, ತಟ್ಟೆ ಬೇರೆ, ಅರೆಯುವ ಕಲ್ಲೂ ಬೇರೆ. ನಾನು ಮೆಟ್ಟಿಲ ಮೇಲೆ ಕೂತು, ಒಂದೇ ಮನೆಯಲ್ಲಿ ಎರಡು ಅಡುಗೆ ಯಾಕೆ ಎಂದು ಕೇಳಿದೆ. ಅವರು ಹರಕುಮುರುಕು ಹಿಂದಿಯಲ್ಲಿ, ಆಲೂಗಡ್ಡೆ ಹೆಚ್ಚುತ್ತಲೇ, “ಮಿಠುವಿನ ತಾತ ಹೋದರು ನೋಡು, ಮೀನೂ ಅವರ ಜೊತೆ ಹೋಯ್ತು,” ಎಂದರು. ಈರುಳ್ಳಿ, ಬೆಳ್ಳುಳ್ಳಿ, ಮಸೂರಿ ಬೇಳೆ, ಎಲ್ಲವೂ ಜೊತೆಗೇ ಹೋಗಿದ್ದವಂತೆ. ಅವರ ಕಡೆ ಗಂಡ ಸತ್ತ ಹೆಂಗಸರು ಹಾಗೆಯಂತೆ. ನಾನು ಓಡಿಬಂದು ದಾದಿಗೆ ವರದಿ ಒಪ್ಪಿಸಿದೆ. ದಾದಿಗೂ ಗಂಡ ಇರಲಿಲ್ಲ, ಆದರೆ ಶುಕ್ರವಾರದ ಕುರ್ಮಾ ಅವಳನ್ನು ಬಿಟ್ಟು ಎಲ್ಲೂ ಹೋಗಿರಲಿಲ್ಲ. ಅವಳು ಪಾಪ ಕಣೇ ಎಂದಳು.

ಮೊದಲ ಬಟ್ಟಲು ಮೇಲಿನಿಂದ ಬಂತು. ಮಿಠು ತಂದುಕೊಟ್ಟಳು, ಪುಟ್ಟ ಕಂಚಿನ ಬಟ್ಟಲು, ಮೇಲೆ ತಟ್ಟೆ ಮುಚ್ಚಿತ್ತು. ಒಳಗೆ ಬೆಳ್ಳಗಿನ ಪಲ್ಯ. ನಾವು ಅಂಥದ್ದನ್ನು ಕಂಡಿರಲಿಲ್ಲ. ಅರಿಶಿನ ಇಲ್ಲ, ಖಾರದಪುಡಿ ಇಲ್ಲ, ಕೊತ್ತಂಬರಿ ಇಲ್ಲ. ದಾಳದಷ್ಟು ಆಲೂಗಡ್ಡೆ ಹೋಳು, ಅದನ್ನು ಹೊದ್ದುಕೊಂಡ ಬಿಳಿ ಮೆತ್ತೆ, ಅಲ್ಲೊಂದು ಇಲ್ಲೊಂದು ಹಸಿಮೆಣಸಿನಕಾಯಿ, ಕರಿಯ ಕಲೋಂಜಿ ಕಾಳು. ಆಲೂ ಪೋಸ್ತೊ ಎಂದಳು ಮಿಠು. ಪೋಸ್ತೊ ಎಂದರೆ ಗಸಗಸೆ. ಅಮ್ಮಿ ಬೆರಗಾದಳು. ನಮ್ಮಲ್ಲಿ ಗಸಗಸೆ ಎಂದರೆ ಕುರ್ಮಾಗೆ ಒಂದು ಚಮಚ, ಇಲ್ಲವೇ ಅಕ್ಕಪಕ್ಕದವರ ಮನೆಯ ಹಬ್ಬದ ಪಾಯಸ, ಅದನ್ನು ಕುಡಿದ ಮಧ್ಯಾಹ್ನ ಗೊರಕೆ. ಇವರು ದಿನದ ಪಲ್ಯಕ್ಕೆ ಮುಷ್ಟಿ ಮುಷ್ಟಿ ಸುರಿಯುತ್ತಾರೆ! ದಾದಿ ಒಂದು ಹೋಳು ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಕಲೋಂಜಿ ಅವಳ ಪ್ರಕಾರ ಸಕಲ ರೋಗಕ್ಕೂ ಮದ್ದು. ಅದನ್ನು ಒಗ್ಗರಣೆಗೆ ಹಾಕುವ ಹೆಂಗಸು ಕೆಟ್ಟವಳಾಗಿರಲು ಸಾಧ್ಯವೇ ಇಲ್ಲ ಎಂದು ತೀರ್ಮಾನವಾಯಿತು. ಬಟ್ಟಲು ನಾನೇ ಒರೆಸಿಟ್ಟೆ, ಬೆರಳಿಂದ.

ಈಗ ಬಂತು ನೋಡಿ ಕಷ್ಟ. ಬಂದ ಬಟ್ಟಲನ್ನು ಖಾಲಿ ವಾಪಸ್ ಕಳಿಸುವುದು ನಮ್ಮಲ್ಲಿಲ್ಲ, ನಿಮ್ಮಲ್ಲೂ ಇರಲಿಕ್ಕಿಲ್ಲ. ಆದರೆ ನಮ್ಮ ಒಲೆಯ ಮೇಲೆ ಬೆಂದ ಯಾವುದನ್ನು ಠಾಕುಮಾ ತಿಂದಾರು? ಖಿಚಡಿಗೂ ಈರುಳ್ಳಿ, ಚಟ್ನಿಗೂ ಬೆಳ್ಳುಳ್ಳಿ. ದಾದಿ ಬಟ್ಟಲನ್ನು ಅತ್ತ ಇತ್ತ ತಿರುಗಿಸಿ ನೋಡಿ, ಕೊನೆಗೆ ಅದರಲ್ಲಿ ದಪ್ಪ ದಪ್ಪ ಹಸಿ ಆಲೂಗಡ್ಡೆ ಇಟ್ಟು ಕಳಿಸಿದಳು. ಅಲ್ಲಿಂದ ಅದೇ ಪದ್ಧತಿಯಾಯಿತು. ಬೇಯಿಸಿದ್ದು ಕೆಳಗೆ ಬರುವುದು, ಹಸಿಯದು ಮೇಲೆ ಹೋಗುವುದು. ನಿಂಬೆಹಣ್ಣು ಹೋಯಿತು, ದಾಳಿಂಬೆ ಹೋಯಿತು, ಸಕ್ಕರೆ ಹೋಯಿತು, ಹಬ್ಬಕ್ಕೆ ಒಣದ್ರಾಕ್ಷಿ ಹೋಯಿತು. ಒಂದು ಸಲ ಠಾಕುಮಾ ಬಟ್ಟಲಿನ ಜೊತೆ ಸಣ್ಣ ಬಾಟಲಿಯಲ್ಲಿ ಸಾಸಿವೆ ಎಣ್ಣೆ ಕಳಿಸಿದರು, ಇದರಲ್ಲಿ ಮಾಡಿದರೇ ರುಚಿ ಎಂದು. ದಾದಿ ಅದನ್ನು ರಾತ್ರಿ ಬಿಸಿಮಾಡಿ ಮೊಣಕಾಲಿಗೆ ತಿಕ್ಕಿಕೊಂಡು, ಆಹಾ ಏನು ಎಣ್ಣೆ, ನೋವೇ ಹೋಯ್ತು ಎಂದು ಬೆಳಿಗ್ಗೆ ಮೆಟ್ಟಿಲ ಕೆಳಗಿನಿಂದಲೇ ಕೂಗಿ ಹೇಳಿದಳು. ಮೇಲಿನಿಂದ ಠಾಕುಮಾ ನಕ್ಕಿದ್ದು ಇಡೀ ಬೀದಿಗೆ ಕೇಳಿಸಿತು. ಇಬ್ಬರೂ ಒಬ್ಬರನ್ನೊಬ್ಬರು ಅಕ್ಕ ಎಂದೇ ಕರೆಯುತ್ತಿದ್ದರು: ಇವಳು ಅವರಿಗೆ ಆಪಾ ಎನ್ನುವಳು, ಅವರು ಇವಳಿಗೆ ದಿದಿ ಎನ್ನುವರು. ಇಬ್ಬರಿಗೂ ತಾನೇ ಚಿಕ್ಕವಳಾಗಬೇಕೆಂಬ ಆಸೆ.

ನಾನು ಮಾತ್ರ ಮೆಟ್ಟಿಲ ಮೇಲೆ ಕೂತು ಆ ಅಡುಗೆಯನ್ನು ನೋಡುತ್ತಿದ್ದೆ. ಶಾಲೆ ಬಿಟ್ಟು ಬರುವ ಹೊತ್ತಿಗೆ ಠಾಕುಮಾ ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಿರುತ್ತಿದ್ದರು. ಕಬ್ಬಿಣದ ಬಾಣಲೆಯಲ್ಲಿ ಸಾಸಿವೆ ಎಣ್ಣೆ ಹೊಗೆಯಾಡುವವರೆಗೆ ಕಾಯಬೇಕು. ಮೊದಲ ಹೊಗೆಗೆ ಮೂಗು ಚುರುಗುಟ್ಟಿ ಕಣ್ಣಲ್ಲಿ ನೀರು ಬರುತ್ತಿತ್ತು, ಆಮೇಲೆ ಎಣ್ಣೆ ಹದವಾಗಿ ಬೇರೆಯದೇ ಪರಿಮಳ ಬರುತ್ತಿತ್ತು. ಕಲೋಂಜಿ ಚಿಟಿಕೆ, ಅದು ಸಿಡಿಯುವ ಮೊದಲೇ ಆಲೂಗಡ್ಡೆ. ಹೋಳಿನ ಅಂಚು ಒಂದಿಷ್ಟು ಗಟ್ಟಿಯಾಗಬೇಕು, ಬಣ್ಣ ತಿರುಗಬಾರದು. ನೀರು ಚಿಮುಕಿಸಿ ಮುಚ್ಚಿ, ಬೆಂದ ಮೇಲೆ ಪಕ್ಕದ ಬೋಗುಣಿಯಲ್ಲಿದ್ದ ಬಿಳಿ ಗಸಗಸೆ ಹಿಟ್ಟನ್ನು ಸುರಿದು, ಉಪ್ಪು, ಹೆಸರಿಗಷ್ಟು ಸಕ್ಕರೆ. ಇಳಿಸುವಾಗ ಮತ್ತೆ ನಾಲ್ಕು ತೊಟ್ಟು ಹಸಿ ಎಣ್ಣೆ. ನಾನು ಇದನ್ನೆಲ್ಲ ಪತ್ತೇದಾರಿ ಮಾಡಿ ದಾದಿಗೆ ಬಂದು ಹೇಳುತ್ತಿದ್ದೆ. ಆ ಬೋಗುಣಿಯ ಹಿಟ್ಟು ಹೇಗೆ ತಯಾರಾಗುತ್ತದೆ ಎನ್ನುವುದನ್ನು ಮಾತ್ರ ನಾನು ನೋಡಿರಲೇ ಇಲ್ಲ. ಅದು ಬೆಳಗಿನ ಸ್ನಾನವಾದ ಕೂಡಲೇ ಆಗಿಹೋಗುತ್ತಿತ್ತು, ಆಗ ನಾನು ಶಾಲೆಗೆ ಜಡೆ ಹಾಕಿಸಿಕೊಳ್ಳುತ್ತಿರುತ್ತಿದ್ದೆ. ನೋಡದೇ ಉಳಿದ ಭಾಗವೂ ಇದೆ ಎಂದು ನನಗೆ ಹೊಳೆಯಲೂ ಇಲ್ಲ.

ದಾದಿಗೆ ಒಳಗೊಳಗೇ ಒಂದು ಮುಳ್ಳು ಚುಚ್ಚುತ್ತಿತ್ತು. ಅದು ನನಗೆ ಗೊತ್ತಾದದ್ದು ಒಂದು ಶುಕ್ರವಾರ, ಬೀದಿಗೆಲ್ಲ ಹಂಚಿದ ಸೇಮಿಯಾ ಪಾಯಸದ ಪಾತ್ರೆಯನ್ನು ಮುಂದಿಟ್ಟುಕೊಂಡು ಅವಳು ಮೇಲಿನ ಮೆಟ್ಟಿಲು ನೋಡುತ್ತಾ ಕೂತಿದ್ದಾಗ. ಪಾಯಸಕ್ಕೇನು ಈರುಳ್ಳಿ ಇದೆಯೇ, ಕಳಿಸೋಣ ಎಂದೆ. “ಕಳಿಸಿದ್ರೆ ತಗೋತಾರೆ. ತಗೊಂಡು ಮಗನಿಗೆ ಕೊಡ್ತಾರೆ, ಮೊಮ್ಮಗಳಿಗೆ ಕೊಡ್ತಾರೆ. ತಾವು ತಿನ್ನಲ್ಲ,” ಎಂದಳು. ಸೊಸೆಯ ಕೈಯಿಂದಲೂ ತಿನ್ನುವುದಿಲ್ಲವಲ್ಲ ದಾದಿ, ನಿನ್ನೊಬ್ಬಳ ಕೈಯದು ಅಂತಲ್ಲ, ಎಂದು ನಾನು ನ್ಯಾಯ ಹೇಳಿದೆ. ಅವಳು ಸಿಟ್ಟಾದಳು. “ಸೊಸೆ ಒಲೇಲಿ ಮೀನು ಬೇಯತ್ತೆ, ಅದಕ್ಕೆ ತಿನ್ನಲ್ಲ. ಅದು ನನಗೂ ಅರ್ಥ ಆಗತ್ತೆ. ನಾನು ಮೀನು ಮಾಂಸ ಸೋಕದೇ ಇರೋ ಒಲೇಲಿ, ಅವರು ಮಾಡೋ ಹಾಗೇ ಮಾಡಿಕೊಟ್ರೆ? ಆಗ ತಿಂತಾರೋ ಇಲ್ವೋ? ಅಷ್ಟೇ ನನಗೆ ಬೇಕಾಗಿರೋದು ಕೈಕು ಬೀ. ಒಲೆ ಬೇಡ್ವೋ, ನನ್ನ ಕೈಯೇ ಬೇಡ್ವೋ?” ಠಾಕುಮಾರನ್ನೇ ಹೋಗಿ ಕೇಳಿಬಿಡಲಾ ಎಂದೆ. ಕೇಳಿದರೆ ಕಾಲು ಮುರಿಯುತ್ತೇನೆ ಎಂದಳು. ನನ್ನ ಜನ್ಮದಲ್ಲಿ ನಾನು ಕೇಳದೇ ಬಿಟ್ಟ ಪ್ರಶ್ನೆ ಅದೊಂದೇ.

ಹೀಗೇ ವರ್ಷಗಳು ಕಳೆದವು. ನಾನು, ಮಿಠು ಆರನೆಯ ಕ್ಲಾಸು ಮುಗಿಸುವ ಹೊತ್ತಿಗೆ ಅವಳ ತಂದೆಗೆ ತಮ್ಮ ಊರ ಕಡೆಯೇ ಕೆಲಸ ಸಿಕ್ಕಿತು. ಸಾಮಾನು ಕಟ್ಟಲು ಶುರುವಾಯಿತು. ಮಿಠುವೂ ನಾನೂ ತೊಟ್ಟಿಯ ಹಿಂದೆ ಕೂತು ಅತ್ತೆವು, ಜಗಳವಾಡಿದೆವು, ಮತ್ತೆ ಅತ್ತೆವು. ದಾದಿ ಅಳಲಿಲ್ಲ. ಅವಳ ತಲೆಯಲ್ಲಿ ಒಂದೇ ಓಡುತ್ತಿತ್ತು. ಹೊರಡುವ ದಿನ ಠಾಕುಮಾರ ಸ್ಟವ್ವೂ ಮೂಟೆಯೊಳಗೆ ಹೋಗುತ್ತದೆ, ಬಾಣಲೆಯೂ ಹೋಗುತ್ತದೆ, ರೈಲು ಸಂಜೆಗೆ, ಆ ಮಧ್ಯಾಹ್ನ ಅವರು ಏನು ತಿನ್ನುತ್ತಾರೆ? ಮಾಡಿದರೆ ಆವತ್ತೇ ಮಾಡಬೇಕು, ಇನ್ನು ಯಾವತ್ತೂ ಇಲ್ಲ. ನಮಗೆ ತರಕಾರಿ ತಂದುಕೊಡುತ್ತಿದ್ದವಳು ಚಿಕ್ಕಜಾಲದ ಮುನಿಯಮ್ಮ, ದಾದಿಯ ಹಳೇ ದೋಸ್ತಿ. ಅವಳಿಗೆ ಹೊಸ ಮಣ್ಣಿನ ಗಡಿಗೆ, ಮುಚ್ಚಳ, ಹೊಸ ಆಲೂಗಡ್ಡೆ ತರಲು ಹೇಳಿದಳು. ಮುನಿಯಮ್ಮ ಬುಟ್ಟಿ ಇಳಿಸಿ ಸೊಂಟಕ್ಕೆ ಕೈಕೊಟ್ಟು ನಿಂತಳು. “ಅಲ್ಲಾ ಬೂಬಮ್ಮ, ಇಷ್ಟು ವರ್ಸ ತಿನ್ನದೇ ಇದ್ದೋರು ಓಗೋ ದಿನ ತಿಂತಾರಾ? ಇಂಗೆಲ್ಲಾ ಆಸೆ ಮಡಿಕಂಡು ಆಮ್ಯಾಕೆ ಅಳ್ಬ್ಯಾಡ.” ದಾದಿ ಜಗ್ಗಲಿಲ್ಲ. “ತಿನ್ನೋದು ಬಿಡೋದು ಅವರಿಗೆ ಸೇರಿದ್ದು. ಮಾಡೋದು ನನಗೆ ಸೇರಿದ್ದು. ನೀನು ಉರ್ಲಗಡ್ಡೆ ಕೊಳೆತದ್ದು ಹಾಕಬೇಡ, ಅಷ್ಟು ಮಾಡು ತಾಯಿ,” ಎಂದಳು.

ಆ ದಿನದ ಅಡುಗೆ ನಮ್ಮ ಅಡುಗೆಮನೆಯಲ್ಲಿ ನಡೆಯಲಿಲ್ಲ. ದಾಳಿಂಬೆ ಗಿಡದ ಪಕ್ಕ ಮೂರು ಇಟ್ಟಿಗೆ ಹೂಡಿ, ನೆಲ ತೊಳೆದು, ಹೊಸ ಸೌದೆ ತರಿಸಿದಳು. ನಮ್ಮ ಅರೆಯುವ ಕಲ್ಲು ಬೇಡ. ಅದು ಜನ್ಮವಿಡೀ ಬೆಳ್ಳುಳ್ಳಿ ಕುಡಿದ ಕಲ್ಲು. ಸಂತೆಯಿಂದ ಪುಟ್ಟ ಕುಟ್ಟಾಣಿ ಬಂತು. ಚಾಕು ಹೊಸದು, ಸೌಟು ಹೊಸದು. ಎಣ್ಣೆ ಮಾತ್ರ ಹಳೆಯದು, ಠಾಕುಮಾರದೇ. ಮೊಣಕಾಲಿಗೆ ಹಚ್ಚಿ ಉಳಿದದ್ದು. “ಅವರ ಮನೆಯದೇ ಅಲ್ವಾ, ಅದಕ್ಕಿಂತ ಮಡಿ ಯಾವುದು?” ಎಂದು ನಮ್ಮ ಬಾಯಿ ಮುಚ್ಚಿಸಿದಳು. ತಲೆಗೆ ನೀರು ಹಾಕಿಕೊಂಡು, ನಮಾಜಿಗೆ ಮಾಡುವಂತೆ ಕೈಕಾಲು ಮುಖ ತೊಳೆದು ವುಜೂ ಮಾಡಿಕೊಂಡು ಬಂದು ಒಲೆಗೆ ಬೆಂಕಿ ಹಚ್ಚಿದಳು. ನಾನು ಪಕ್ಕದಲ್ಲಿ ನಿಂತು ಒಂದೊಂದೇ ಹೇಳುತ್ತಿದ್ದೆ. ಗಸಗಸೆಯ ಸರದಿ ಬಂದಾಗ ಮಾತ್ರ ದಾದಿ ನನ್ನನ್ನು ಕೇಳಲಿಲ್ಲ. ಅವಳ ಕೈಗೆ ಅದು ಗೊತ್ತಿತ್ತು. ಗಸಗಸೆ ಎಂದರೆ ಹುರಿಯುವುದು. ಕುರ್ಮಾಗೆ ಹಾಗೇ, ಪಾಯಸಕ್ಕೆ ಹಾಗೇ, ಹುರಿಯದಿದ್ದರೆ ಹಸಿ ವಾಸನೆ, ಮೇಲಾಗಿ ಕುಟ್ಟಾಣಿಯಲ್ಲಿ ನುಣ್ಣಗಾಗುವುದೂ ಇಲ್ಲ. ಗಡಿಗೆಯ ಮುಚ್ಚಳವನ್ನೇ ಅಂಗಾತ ಕೆಂಡದ ಮೇಲಿಟ್ಟು, ಸಣ್ಣ ಸಣ್ಣಗೆ ಕೈಯಾಡಿಸುತ್ತಾ, ಘಮ್ಮೆನ್ನುವವರೆಗೆ ಹುರಿದಳು. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಎಲ್ಲ ಬೆರೆತು ಕುದಿಯುವಾಗ ನೋಡಿದರೆ ಬಣ್ಣ ಬೇರೆ! ಬೆಳ್ಳಗಿರಬೇಕಾದದ್ದು ತಿಳಿ ಕಂದು. ದಾದಿಯ ಮುಖ ಸಣ್ಣಗಾಯಿತು. “ಹೀಗಿರ್ತಿತ್ತಾ?” ಎಂದಳು. ಇಲ್ಲ ಎಂದೆ. ಇನ್ನೊಮ್ಮೆ ಮಾಡಲು ಗಸಗಸೆ ಇರಲಿಲ್ಲ, ಹೊತ್ತೂ ಇರಲಿಲ್ಲ, ಲಾರಿ ಬಂದು ಗೇಟಿನ ಮುಂದೆ ನಿಂತಿತ್ತು. ಉಪ್ಪು ನೋಡಲಾ ಎಂದು ನಾನು ಬೆರಳು ಚಾಚಿದರೆ ಚಟ್ಟನೆ ಹೊಡೆದಳು. ಅವರಿಗೆಂದು ಮಾಡಿದ್ದನ್ನು ಅವರಿಗಿಂತ ಮೊದಲು ಯಾರೂ ಬಾಯಿಗಿಡಕೂಡದು. ತಾನೂ ನೋಡಲಿಲ್ಲ. ಗಡಿಗೆ ಬಳಿದು ಅಷ್ಟನ್ನೂ ಆ ಕಂಚಿನ ಬಟ್ಟಲಿಗೆ ಹಾಕಿದಳು. ಕಡೆಯ ಸಲ ಬಂದಿದ್ದ ಬಟ್ಟಲು ನಮ್ಮಲ್ಲೇ ಉಳಿದಿತ್ತು.

ಮೊಣಕಾಲು ಹಿಡಿದುಕೊಂಡು ದಾದಿ ತಾನೇ ಮೆಟ್ಟಿಲು ಹತ್ತಿದಳು. ನಾನು ಹಿಂದೆ. ಮೇಲೆ ಖಾಲಿ ಮನೆಯಲ್ಲಿ ಮಾತು ಮಾರ್ದನಿಸುತ್ತಿತ್ತು. ಠಾಕುಮಾ ಸ್ಟವ್ ಇರುತ್ತಿದ್ದ ಮೂಲೆಯಲ್ಲೇ ಒಂದು ಟ್ರಂಕಿನ ಮೇಲೆ ಕೂತಿದ್ದರು. ದಾದಿ ಹೊಸ ಗಡಿಗೆಯಿಂದ ಹಿಡಿದು ವುಜೂವರೆಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ, “ಬಣ್ಣ ಕೆಟ್ಟಿದೆ ಆಪಾ, ಬೇರೆ ಏನೂ ಕೆಟ್ಟಿಲ್ಲ,” ಎಂದಳು. ಠಾಕುಮಾ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡರು. ತಟ್ಟೆ ಸರಿಸಿ ನೋಡಿದರು, ಮೂಗಿನ ಹತ್ತಿರ ತಂದರು. ಮತ್ತೆ ಮುಚ್ಚಿದರು. “ಈ ಕಾಲಲ್ಲಿ ಇಷ್ಟು ಮೆಟ್ಟಿಲು ಹತ್ತಿದ್ರಲ್ಲ ದಿದಿ,” ಎಂದರಷ್ಟೇ. ಅಷ್ಟರಲ್ಲಿ ಕೂಲಿಯವರು ಟ್ರಂಕು ಎತ್ತಲು ಬಂದರು. ಠಾಕುಮಾ ಬಟ್ಟಲು ಹಿಡಿದು ಒಳಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ನಾವು ಕೆಳಗೆ ಬಂದೆವು. ಲಾರಿ ತುಂಬಿತು, ಆಟೋ ಬಂತು. ಹೊರಡುವ ಗಡಿಬಿಡಿಯಲ್ಲಿ ಮಿಠು ಓಡಿಬಂದು ಬಟ್ಟಲನ್ನು ನನ್ನ ಕೈಗಿತ್ತಳು. ಇದು ನಿಮಗೇ ಇರಲಿ ಎಂದರಂತೆ. ತೊಳೆದಿತ್ತು. ಒಳಗೆ ಬಿಳಿ ಬಟ್ಟೆಯ ಚಿಕ್ಕ ಗಂಟು. ಆಟೋ ತಿರುವು ದಾಟಿದ ಮೇಲೆ ದಾದಿ ಗಂಟು ಬಿಚ್ಚಿದಳು. ಹಸಿ ಗಸಗಸೆ.

ನಾನು ಖುಷಿಯಿಂದ ಕುಣಿದೆ, ಇನ್ನೊಂದು ಸಲ ಮಾಡಬಹುದು ಎಂದು. ದಾದಿ ಕುಣಿಯಲಿಲ್ಲ. ಇಷ್ಟು ವರ್ಷ ಹಸಿಯದನ್ನು ಮೇಲೆ ಕಳಿಸುತ್ತಿದ್ದವಳು ಅವಳು. ಬೇಯಿಸಿದ್ದು ಸಲ್ಲದ ಕಡೆಗೇ ಹಸಿಯದನ್ನು ಕಳಿಸುವುದು ಎಂದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? “ನೋಡು, ತಿನ್ನಲಿಲ್ಲ. ನಿನ್ನದು ನಿನಗೆ ಅಂತ ತಿರುಗಿಸಿ ಕೊಟ್ಟಿದ್ದಾರೆ,” ಎಂದಳು. ಹಾಗಾದರೆ ಬಟ್ಟಲಲ್ಲಿದ್ದದ್ದು ಎಲ್ಲಿಗೆ ಹೋಯಿತು ಎಂದು ನಾನು ವಾದಿಸಿದೆ. ಮಗ ತಿಂದಿರುತ್ತಾನೆ, ಇಲ್ಲವೇ ಹಿತ್ತಲ ಕಡೆ ಕಾಗೆಗೆ ಹಾಕಿರುತ್ತಾರೆ ಎಂದಳು. ಹಿತ್ತಲಿಗೆ ಹೋಗಿ ನೋಡಿಬಂದೆ; ಏನೂ ಕಾಣಲಿಲ್ಲ, ಆದರೆ ಯಲಹಂಕದ ಕಾಗೆಗಳು ಏನನ್ನಾದರೂ ಉಳಿಸಿದ ಚರಿತ್ರೆಯೇ ಇಲ್ಲ. ಆ ಸಂಜೆ ದಾದಿ ಆ ಗಸಗಸೆಯನ್ನೆಲ್ಲ ರೊಯ್ಯನೆ ಬಾಣಲೆಗೆ ಸುರಿದು, ಹುರಿದು, ಅರೆದು, ಮಟನ್ ಕುರ್ಮಾಗೆ ಹಾಕಿಬಿಟ್ಟಳು. ಅಂಥ ರುಚಿಯಾದ ಕುರ್ಮಾ ನಮ್ಮ ಮನೆಯಲ್ಲಿ ಹಿಂದೆಂದೂ ಆಗಿರಲಿಲ್ಲ. ಹಾಗೆಂದು ಅವಳೆದುರು ಹೇಳಲು ಅಬ್ಬಾನಿಗೂ ಧೈರ್ಯ ಬರಲಿಲ್ಲ.

ಸಿಟ್ಟು ಇಳಿದ ಮೇಲೆ ಪ್ರಶ್ನೆ ಉಳಿಯಿತು. ಮಿಠುವಿನಿಂದ ಒಂದೆರಡು ಗ್ರೀಟಿಂಗ್ ಕಾರ್ಡ್ ಬಂದವು, ಆಮೇಲೆ ಅವೂ ನಿಂತವು. ಆ ಕಾಲದಲ್ಲಿ ಹಾಗೇ ಜನ ಕಳೆದುಹೋಗುತ್ತಿದ್ದರು. ಆದರೆ ದಾದಿ ಅಕ್ಕಿ ಆರಿಸುವಾಗ, ತಸ್ಬಿಯ ಮಣಿ ಎಣಿಸಿ ಮುಗಿಸಿದಾಗ, ಕರೆಂಟು ಹೋದ ಸಂಜೆಗಳಲ್ಲಿ, ಇದ್ದಕ್ಕಿದ್ದಂತೆ ಕೇಳುವಳು: “ತಿಂದಿರ್ತಾರಾ, ಕೈಕು ಬೀ?” ಪ್ರಶ್ನೆ ಕೇಳುವವಳು ಅವಳು, ಉತ್ತರಿಸಬೇಕಾದವಳು ನಾನು, ಲೋಕ ತಲೆಕೆಳಗಾಗಿತ್ತು. ತಿಂದಿರ್ತಾರೆ ದಾದಿ ಎಂದರೆ, ಸುಳ್ಳು ಹೇಳಬೇಡ ಎನ್ನುವಳು. ತಿಂದಿರಲ್ಲ ಎಂದರೆ ಆ ದಿನವೆಲ್ಲ ಮಾತಿಲ್ಲ. ನಾನು ಕಾಲೇಜು ಸೇರಿದ ವರ್ಷ ಅವಳು ಹಾಸಿಗೆ ಹಿಡಿದಳು. ಕೊನೆಕೊನೆಗೆ ನಮ್ಮ ಹೆಸರುಗಳೆಲ್ಲ ಅದಲುಬದಲಾಗುತ್ತಿದ್ದವು, ಈ ಪ್ರಶ್ನೆ ಮಾತ್ರ ಸರಿಯಾಗಿ ಬರುತ್ತಿತ್ತು. ಅವಳು ಹೋದಳು. ಅಬ್ಬಾನ ನಂತರ ಮನೆಯೂ ಹೋಯಿತು, ಗಿಡವೂ ಹೋಯಿತು. ಕಂಚಿನ ಬಟ್ಟಲು ನನ್ನ ಪಾಲಿಗೆ ಬಂತು. ನಾನು ನನ್ನದೇ ಅಡುಗೆಮನೆ ಹೂಡಿದ ಮೇಲೆ ಆಲೂ ಪೋಸ್ತೊ ಮಾಡಲು ಕೂತೆ. ಯೂಟ್ಯೂಬ್ ನೋಡಿದರೆ ಎಲ್ಲ ಬಂಗಾಳಿ ಹೆಂಗಸರೂ ಒಂದೇ ಮಾತು ಹೇಳುತ್ತಿದ್ದರು: ಗಸಗಸೆಯನ್ನು ಬಿಸಿನೀರಲ್ಲಿ ನೆನೆಸಿ ಹಸಿಯದೇ ಅರೆಯಿರಿ, ಹುರಿದಿರೋ ಕೆಟ್ಟಿತು. ಓಹೋ, ಇದಾ ವಿಷಯ ಎಂದುಕೊಂಡೆ. ಪಾಪ ದಾದಿ. ಒಲೆ ಹೊಸದು, ಗಡಿಗೆ ಹೊಸದು, ಆ ಹಳೇ ಕೈ ಮಾತ್ರ ಹುರಿದು ಎಲ್ಲ ಕೆಡಿಸಿತು. ಯಾರು ತಾನೇ ತಿಂದಾರು ಎನ್ನಿಸಿ ಸಂಕಟವಾಯಿತು. ಆಮೇಲೆ ಎಷ್ಟೋ ವರ್ಷ ನಾನು ಬೆಳ್ಳಗಿನ, ಸರಿಯಾದ ಪೋಸ್ತೊ ಮಾಡಿಕೊಂಡು ಬಂದೆ.

ಮಿಠು ನನ್ನನ್ನು ಫೇಸ್‌ಬುಕ್ಕಿನಲ್ಲಿ ಹುಡುಕಿ ತೆಗೆದಳು. ಮಗಳನ್ನು ಯಲಹಂಕದ ಆಚೆಯ ಕಾಲೇಜೊಂದಕ್ಕೆ ಸೇರಿಸಲು ಬರುತ್ತಿದ್ದೇನೆ, ನಿನ್ನ ಮನೆಯಲ್ಲೇ ಇಳಿಯುತ್ತೇನೆ, ಬೇಡ ಎಂದರೂ ಇಳಿಯುತ್ತೇನೆ ಎಂದು ಬರೆದಿದ್ದಳು. ಕೂದಲು ನರೆತ ಮಿಠು, ಠಾಕುಮಾರಂತೆಯೇ ದೊಡ್ಡ ಕನ್ನಡಕ. ಕನ್ನಡ ತುಕ್ಕು ಹಿಡಿದಿತ್ತು, ‘ಕಣೇ’ ಮಾತ್ರ ಹೊಳೆಯುತ್ತಿತ್ತು. ಮಗಳನ್ನು ಹಾಸ್ಟೆಲಿಗೆ ಬಿಟ್ಟು ಬಂದಿದ್ದಳು, ಶನಿವಾರವೆಲ್ಲ ಮಾತಾಡಿದೆವು. ಠಾಕುಮಾ ಹೋಗಿ ಬಹಳ ವರ್ಷವಾಯಿತೆಂದಳು. ದಾದಿಯ ಪ್ರಶ್ನೆ ನನ್ನ ನಾಲಗೆಯ ತುದಿಗೆ ಬಂದು ಬಂದು ವಾಪಸ್ ಹೋಯಿತು. ಇಲ್ಲ ಎಂದುಬಿಟ್ಟರೆ ಎಂದು ಭಯ. ಭಾನುವಾರ ಬೆಳಿಗ್ಗೆ, ಇವತ್ತು ಅಡುಗೆ ನಂದು, ಆಲೂ ಪೋಸ್ತೊ, ನೀನು ಒಳಗೆ ಬರಬೇಡ ಎಂದು ಅವಳು ಸೆರಗು ಸಿಕ್ಕಿಸಿಕೊಂಡಳು. ಆಗಲೇ ಆ ವಾಸನೆ ಬಂದದ್ದು.

ದುಪಟ್ಟಾ ಹಿಡಿದುಕೊಂಡೇ ಅಡುಗೆಮನೆಗೆ ಹೋದೆ. “ಮಿಠು, ಏನ್ ಮಾಡ್ತಿದ್ದೀಯೇ? ಪೋಸ್ತೊಗೆ ಯಾರಾದ್ರೂ ಗಸಗಸೆ ಹುರೀತಾರಾ?”

ಅವಳು ಕೈ ನಿಲ್ಲಿಸದೆ ನಕ್ಕಳು. “ಎಲ್ಲಾರೂ ಇದನ್ನೇ ಕೇಳ್ತಾರೆ ಕಣೇ. ಮದುವೆ ಆದ ಹೊಸದ್ರಲ್ಲಿ ಅತ್ತೆ ಮನೇಲಿ ಬಿದ್ದು ಬಿದ್ದು ನಕ್ರು. ನಮ್ಮನೇಲಿ ಹಿಂಗೇ. ಠಾಕುಮಾ ಕಲಿಸಿದ್ದು.”

“ಸುಳ್ಳು. ಠಾಕುಮಾ ಮಾಡ್ತಿದ್ದದ್ದು ಬೆಳ್ಳಗಿರ್ತಿತ್ತು. ನಾನೇ ನೋಡಿದ್ದೀನಿ.”

“ಇಲ್ಲಿದ್ದಾಗ ಹೌದು. ಊರಿಗೆ ಹೋದ್ಮೇಲೆ ಒಂದಿನ ಹುರಿಯೋಕೆ ಶುರು ಮಾಡಿದ್ರು. ಅಮ್ಮ ಹೆದರಿಬಿಟ್ರು, ಮರೆವು ಬಂತೇನೋ ಅಂತ. ಇಲ್ಲ, ಹೀಗೂ ಮಾಡ್ತಾರೆ, ಹೀಗೇ ಚೆನ್ನಾಗಿರತ್ತೆ ಅಂದ್ರು. ಮೊದಮೊದಲು ಹದ ಸಿಗ್ತಿರಲಿಲ್ಲ. ಒಂದಿನ ಕಹಿ ಆಗೋದು, ಒಂದಿನ ಹಸಿ. ಇದಲ್ಲ, ಇದಲ್ಲ ಅಂತ ತಲೆ ಆಡಿಸೋರು. ಆಮೇಲೆ ಬಂತು. ಕೊನೇವರೆಗೂ ಹಂಗೇ ಮಾಡ್ಕೊಂಡು ತಿಂದ್ರು.”

“ಯಾರು ಹೀಗೆ ಮಾಡ್ತಾರೆ ಅಂತ ನೀನು ಕೇಳಲಿಲ್ವಾ?”

“ನಾನೆಲ್ಲಿ ಕೇಳ್ಲಿ? ಕೇಳೋಳು ನೀನು,” ಎಂದಳು ಮಿಠು.

ನಾನು ಬಾಣಲೆಯ ಮೇಲೆ ಬಗ್ಗಿ ಮೂಸಿದೆ. ಹದ ಸಿಗುವವರೆಗೆ ಇದಲ್ಲ ಇದಲ್ಲ ಎನ್ನಬೇಕಾದರೆ, ಯಾವುದು ಎಂದು ನಾಲಗೆಗೆ ಗೊತ್ತಿರಬೇಕು. ಹೊಸ ಗಡಿಗೆಯಲ್ಲಿ ಆ ಮಧ್ಯಾಹ್ನ ಬೆಂದದ್ದರ ರುಚಿ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನಗೆ ಬೆರಳ ಮೇಲೆ ಏಟು ಬಿದ್ದಿತ್ತು. ದಾದಿ ಉಪ್ಪು ಕೂಡ ನೋಡಿರಲಿಲ್ಲ. ಆ ರುಚಿ ಒಂದೇ ಒಂದು ಬಾಯಿಗೆ ಹೋಗಿತ್ತು, ಬಾಗಿಲು ಮುಂದೆ ಮಾಡಿಕೊಂಡು, ಖಾಲಿ ಕೋಣೆಯಲ್ಲಿ. ಮಿಠು ಗಾಬರಿಯಾಗಿ, ಯಾಕೆ ಅಳ್ತಿದ್ದೀಯೇ, ಎಣ್ಣೆ ಹೊಗೆನಾ, ಎಂದಳು. ಹೇಳಿದೆ. ಗಡಿಗೆ, ಕುಟ್ಟಾಣಿ, ಮೊಣಕಾಲಿನ ಎಣ್ಣೆ, ವುಜೂ, ಎಲ್ಲ ಹೇಳಿದೆ. ಕೇಳುತ್ತಾ ಕೇಳುತ್ತಾ ಅವಳೂ ಅತ್ತಳು, ಆಲೂಗಡ್ಡೆ ಒಂದಿಷ್ಟು ಸೀದುಹೋಯಿತು. ಕಂಚಿನ ಬಟ್ಟಲು ತೆಗೆದು ಅದರಲ್ಲೇ ಬಡಿಸಿದೆ. ಕಂದು ಬಣ್ಣದ ಮೆತ್ತೆ, ಕರಿಯ ಕಲೋಂಜಿ, ಹುರಿದ ಘಮ. ದಾದಿ ಮಾಡಿದ ಆಲೂ ಪೋಸ್ತೊವನ್ನು ನಾನು ಆವತ್ತು ಮೊದಲ ಸಲ ತಿಂದೆ. ಬಿಳಿಯದಕ್ಕಿಂತ ಚೆನ್ನಾಗಿತ್ತೇ ಎಂದು ಕೇಳಬೇಡಿ, ನನ್ನ ತೀರ್ಪು ನ್ಯಾಯವಾಗಿರುವುದಿಲ್ಲ.

ಮಧ್ಯಾಹ್ನ ಮಿಠು ಮಲಗಿದಳು, ಗಸಗಸೆ ತಿಂದವರು ಮಲಗಲೇಬೇಕಲ್ಲ. ನಾನು ಬಟ್ಟಲು ತೊಳೆಯುತ್ತಾ ನಿಂತಿದ್ದೆ. ಅಡುಗೆಮನೆಯಲ್ಲಿ ವಾಸನೆ ಇನ್ನೂ ಇತ್ತು. ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ನಮ್ಮ ದಖ್ಖನಿಯಲ್ಲಿ, ಜೋರಾಗಿಯೇ ಹೇಳಿದೆ: ತಿಂದಿದ್ದಾರೆ ದಾದಿ, ಮತ್ತೆ ಮತ್ತೆ ಬೇಕೆನ್ನಿಸಿ ಕೊನೆಯವರೆಗೂ ಮಾಡಿಕೊಂಡು ತಿಂದಿದ್ದಾರೆ.